ದೊಡ್ಡವರ ಮುಂದಿನ ‘ದಿ’

ನನಗೆ ಇಂಗ್ಲಿಷ್ ಬರುತ್ತದೆ; ಅದರ ‘ದಿ’ ಒಂದು ಬರುವುದಿಲ್ಲ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ತಪ್ಪು ನನ್ನದಲ್ಲ, ಆ ಪದದ್ದು. ಅದಕ್ಕೆ ಅರ್ಥವಿಲ್ಲ, ಕೆಲಸವಿಲ್ಲ, ಆದರೂ ಮನೆಅಳಿಯನ ಹಾಗೆ ಪ್ರತಿ ಪಂಕ್ತಿಯಲ್ಲೂ ಅದಕ್ಕೊಂದು ಎಲೆ ಹಾಕಲೇಬೇಕು. ತುಂಗಭದ್ರೆಯ ಮುಂದೆ ಬೇಕಂತೆ, ಅದೇ ಹೊಳೆಯ ದಂಡೆಯ ಮೇಲಿರುವ ಹರಿಹರದ ಮುಂದೆ ಬೇಡವಂತೆ. ಸೂರ್ಯನಿಗುಂಟು, ಸ್ವರ್ಗಕ್ಕಿಲ್ಲ. ಬಿಳಿಯರು ಗಂಟುಮೂಟೆ ಕಟ್ಟಿ ಹೋಗುವಾಗ ಇದನ್ನೂ ಕಟ್ಟಿಕೊಂಡು ಹೋಗಬಾರದಿತ್ತೆ ಎಂದು ಆಗ ನನಗೆ ದಿನವೂ ಸಿಟ್ಟು ಬರುತ್ತಿತ್ತು.

ಆಗ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯ ಆಫೀಸಿನಲ್ಲಿ ಟೈಪಿಸ್ಟ್. ಇಂಗ್ಲಿಷ್ ಕಾಗದ ಯಾವುದೇ ಇರಲಿ, ಹೆಡ್ ಗುಮಾಸ್ತ ಚನ್ನಬಸಪ್ಪನವರು ನೋಡಿ ‘ದಿ’ ಹಾಕದೆ ಹೊರಗೆ ಹೋಗುವಂತಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಹೆಸರುಗಳ ಮುಂದೆ ಶ್ರೀ ಹಾಕುವಂತೆ ಅವರು ಅದನ್ನು ಯೋಗ್ಯತೆ ನೋಡಿ ಹಂಚುತ್ತಿದ್ದರು. ಮ್ಯಾನೇಜರಿಗೆ ಒಂದು, ಬ್ಯಾಂಕಿಗೆ ಒಂದು, ಬಾಯ್ಲರಿಗೂ ಒಂದು. ಜವಾನನಿಗಿಲ್ಲ, ಕಸಬರಿಗೆಗಂತೂ ಇಲ್ಲವೇ ಇಲ್ಲ. ಒಮ್ಮೆ ಕಾರಣ ಕೇಳಿದ್ದಕ್ಕೆ, “ದೊಡ್ಡೋರ ಮುಂದೆ ಹಾಕ್ಬೇಕಪ್ಪ. ಜವಾನನ ಮುಂದೆ ಯಾಕ ಬೇಕು?” ಎಂದರು. ನಾನು ಎದುರಿಗೆ ತಲೆಯಾಡಿಸಿ, ಸಂಜೆ ಕೆ.ಬಿ. ಬಡಾವಣೆಯ ನನ್ನ ಕೋಣೆಯಲ್ಲಿ ಗೆಳೆಯರೆದುರು ಅವರ ಹಾಗೆಯೇ ಮಾತಾಡಿ ತೋರಿಸಿ ನಗಿಸುತ್ತಿದ್ದೆ. ಇಂಥ ದಡ್ಡರ ಕೈಕೆಳಗೆ ನನ್ನಂಥವನು ದುಡಿಯಬೇಕಾದದ್ದು ಹಣೆಬರಹವೆಂದೇ ನಂಬಿದ್ದೆ.

ಹೀಗಿರುವಾಗ ಸೋದರಮಾವನ ಜೊತೆ ಹರಿಹರಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಮದುವೆಯಾದರೆ ಇವಳನ್ನೇ ಆಗಬೇಕು ಅನ್ನಿಸಿತು. ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಆದರೆ ಹೆಣ್ಣಿನ ಕೈಲಿ ಒಂದು ಹಾಡಾದರೂ ಹೇಳಿಸುವುದು ಪದ್ಧತಿಯಲ್ಲವೆ? ನಾನು ಓದಿದವನಾದ್ದರಿಂದ ಹಾಡು ಬಿಟ್ಟು, ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಲು ಹೇಳಿದೆ. ನಮ್ಮವ್ವ ಹೊಳೆಯಿಂದ ನೀರು ತರುತ್ತಾಳೆ ಎಂದು ದುಂಡಗೆ ಬರೆದುಕೊಟ್ಟಳು. ನಾನು ಜೇಬಿನಿಂದ ಪೆನ್ನು ತೆಗೆದು ಹೊಳೆಯ ಮುಂದೊಂದು ‘ದಿ’ ಸೇರಿಸಿದೆ. ಅದು ಅಲ್ಲಿ ಯಾಕೆ ಬೇಕೆಂದು ಅವಳು ಕೇಳಿದಳು. ಹೈಸ್ಕೂಲಿನಲ್ಲಿ ಉರುಹೊಡೆದ ನಿಯಮಗಳಲ್ಲಿ ಒಂದೂ ನೆನಪಾಗಲಿಲ್ಲ. ಮನೆಯವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

“ದೊಡ್ಡೋರ ಮುಂದೆ ಹಾಕ್ಬೇಕು,” ಎಂದುಬಿಟ್ಟೆ.

ಅವಳು ಕಾಗದ ನೋಡಿದಳು, ಆಮೇಲೆ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ತಾಯಿಯನ್ನು ನೋಡಿದಳು. “ಹಂಗಾರ ನಮ್ಮವ್ವನ ಮುಂದೆ ಯಾಕ ಹಾಕ್ಲಿಲ್ರಿ?” ಎಂದು ಮೆಲ್ಲಗೆ ಕೇಳಿದಳು.

ನಾನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದೆ. ಮಾವ ಬಸ್ಸಿನ ಹೊತ್ತಾಯಿತೆಂದು ಎದ್ದರು. ದಾವಣಗೆರೆ ಮುಟ್ಟುವ ತನಕ ನಾನು ಚನ್ನಬಸಪ್ಪನವರನ್ನು ಬೈಯುತ್ತಲೇ ಇದ್ದೆ. ಅವರೇನು ನಿನ್ನ ಜೊತೆ ಹೆಣ್ಣು ನೋಡೋಕೆ ಬಂದಿದ್ದರಾ ಎಂದು ಬಸ್ಸಿಳಿಯುವಾಗ ಮಾವ ಕೇಳಿದರು. ವಾರ ಕಳೆದು ಹರಿಹರದಿಂದ ಒಂದು ಕಾರ್ಡು ಬಂತು. ಅಪ್ಪ ಹೇಳಿ ಮಗಳ ಕೈಲಿ ಬರೆಸಿದ್ದಿರಬೇಕು, ಅದೇ ದುಂಡು ಅಕ್ಷರ. ಹುಡುಗಿ ಒಲ್ಲೆ ಅನ್ನುತ್ತಾಳೆ, ಅಷ್ಟೇ. ಅಚ್ಚ ಕನ್ನಡದ ಮೂರು ಪದ. ಪೆನ್ನು ಹಿಡಿದುಕೊಂಡೇ ಎರಡು ಮೂರು ಸಲ ಓದಿದೆ. ತಿದ್ದುವಂಥದ್ದು ಏನೂ ಸಿಗಲಿಲ್ಲ.