ಒಂಬತ್ತಕ್ಕೇ ಬಂದ ಅಪರಾಧಿಗಳ ಪರವಾಗಿ

ಹಾಯಿದೋಣಿ ಕ್ಲಬ್ಬಿನ ರೇಸ್ ಅಧಿಕಾರಿಗಳೂ, ಹಾರ್ನು ಮತ್ತು ಬಾವುಟಗಳ ಏಕೈಕ ಒಡೆಯರೂ ಆದ ಮಾನ್ಯರಲ್ಲಿ ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಹಾರ್ನು ಕ್ಷೇಮವೆಂದೂ ನಂಬಿದ್ದೇನೆ. ತಮ್ಮ ಕೈಗಡಿಯಾರದ ಆರೋಗ್ಯದ ಬಗ್ಗೆ ಮಾತ್ರ ಕ್ಲಬ್ಬಿನಲ್ಲಿ ಹಲವರಿಗೆ ಚಿಂತೆಯಿದೆ. ನಾನು ಯಾರೆಂದು ತಮಗೆ ನೆನಪಿರಲಾರದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಹೊದಿಕೆಗಳನ್ನು ಹಿಂಡಿ ಒಣಗಿಸುವವಳು ನಾನು. ಭಾನುವಾರ ಬೆಳಿಗ್ಗೆ ನನ್ನ ಓರಗಿತ್ತಿಯ ಜೊತೆ ಕ್ಲಬ್ಬಿನ ಸಾರ್ವಜನಿಕ ದೋಣಿಯನ್ನು, ಅಂದರೆ ಸ್ವಂತ ದೋಣಿಯಿಲ್ಲದವರಿಗೆಂದು ತಾವು ದೊಡ್ಡ ಮನಸ್ಸಿನಿಂದ ಇಟ್ಟಿರುವ ಆ ಸೋರುವ ಹಲಗೆಯನ್ನು, ನಡೆಸುವವಳು.

ತಮ್ಮದೇ ನಿಯಮವನ್ನು ತಮಗೇ ಹೇಳುವ ಅಧಿಕಪ್ರಸಂಗವನ್ನು ಮನ್ನಿಸಬೇಕು. ಒಂದು ಋತುವಿನಲ್ಲಿ ಎಂಟು ರೇಸು ಮುಗಿಸಿದವರಿಗೆ ಆ ದೋಣಿ ಮುಂದಿನ ವರ್ಷವೂ ಉಳಿಯುತ್ತದೆ. ಮುಗಿಸದವರು ಹನ್ನೊಂದು ಜನರ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ನಾವು ಏಳು ಮುಗಿಸಿದ್ದೇವೆ. ಉಳಿದಿರುವುದು ಬರುವ ಭಾನುವಾರದ ಒಂದೇ ಒಂದು ರೇಸು. ನಿಯಮದಂತೆ ರೇಸು ಹೊರಡುವುದು ಒಂಬತ್ತಕ್ಕೆ; ನಮ್ಮ ಕೆರೆಗೆ ಗಾಳಿ ಬರುವುದೂ ಒಂಬತ್ತಕ್ಕೆ, ಹೋಗುವುದು ಹನ್ನೊಂದರ ಒಳಗೆ. ನನ್ನ ಪಾಳಿ ಶುರುವಾಗುವುದು ಹನ್ನೆರಡಕ್ಕೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಸಣ್ಣ ಬುದ್ಧಿ ನಮ್ಮಂಥವರದು. ಗಾಳಿಯನ್ನೇ ಕಾಯಿಸಬಲ್ಲ ದೊಡ್ಡ ಬುದ್ಧಿ ತಮ್ಮದು.

ತಮ್ಮ ತಡೆಬಾವುಟದ ಬಗ್ಗೆ ಎರಡು ಮಾತು ಹೊಗಳದಿದ್ದರೆ ಈ ಪತ್ರ ಅಪೂರ್ಣವಾದೀತು. ಗಾಳಿ ಇಲ್ಲದಾಗ, ಇಲ್ಲವೇ ನೀರಿನಲ್ಲಿ ಅಪಾಯವಿದ್ದಾಗ ಮಾತ್ರ ಅದನ್ನು ಏರಿಸಿ ರೇಸನ್ನು ಮುಂದೂಡಬೇಕೆಂದು ಪುಸ್ತಕ ಹೇಳುತ್ತದೆ. ತಾವು ಆ ಬಾವುಟಕ್ಕೆ ಮಾನವೀಯತೆಯನ್ನು ಕಲಿಸಿದಿರಿ. ಸದಸ್ಯರಾದ ಹಲ್ಲಿನ ಡಾಕ್ಟರಿಗೆ ನಿದ್ದೆ ಹೆಚ್ಚಾದರೆ ಅದು ಏರುತ್ತದೆ, ಕ್ಲಬ್ಬಿನ ಖಜಾಂಚಿಗಳ ಟೋಪಿ ಸಿಗದಿದ್ದರೂ ಏರುತ್ತದೆ. ಊರಿಗೆ ಬಂದವರು ನೀರಿಗೆ ಬಾರದೆ ಇರುತ್ತಾರೆಯೇ ಎಂದು ತಾವು ತಾಳ್ಮೆಯಿಂದ ದುರ್ಬೀನು ಹಿಡಿದು ಗೇಟಿನ ಕಡೆಗೇ ನೋಡುತ್ತಿರುತ್ತೀರಿ. ಉಳಿದ ಬಾವುಟಗಳೆಲ್ಲ ಹೊಸ ಮಡಿಕೆಯಲ್ಲೇ ಇವೆ. ಇದೊಂದು ಮಾತ್ರ ಬಿಸಿಲಿಗೆ ಬೆಳ್ಳಗಾಗಿ ಕೆಂಪು ಯಾವುದು ಬಿಳಿ ಯಾವುದು ಗೊತ್ತಾಗದಂತಾಗಿದೆ. ಬಟ್ಟೆಯ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ಒಂದು ದಿನ ಮಾತ್ರ ಅದು ಏರಲಿಲ್ಲ. ಬಸ್ಸಿನ ಟಯರು ಪಂಕ್ಚರಾಗಿ ನಾನು ನಾಲ್ಕು ನಿಮಿಷ ತಡವಾಗಿ ಓಡಿಬಂದ ದಿನ. ಬರಬೇಕಾದವರೆಲ್ಲ ಅಂದು ಬಂದಾಗಿತ್ತು, ಹಾರ್ನು ಸರಿಯಾಗಿ ಒಂಬತ್ತಕ್ಕೆ ಮೊಳಗಿತ್ತು. ಏದುಸಿರು ಬಿಡುತ್ತ ನಿಂತ ನನಗೆ ತಾವು ಗಡಿಯಾರ ತೋರಿಸಿ, “ಟೈಮ್ ಅಂದ್ರೆ ಟೈಮ್ ಕಣಮ್ಮಾ” ಎಂದಿರಿ. ಆ ಮಾತನ್ನು ನಾನು ಒಪ್ಪಿದೆ, ಈಗಲೂ ಒಪ್ಪುತ್ತೇನೆ. ನಾವಿಬ್ಬರೂ ದೋಣಿ ತಳ್ಳಿಕೊಂಡು ಎಲ್ಲರ ಹಿಂದೆ ಹೊರಟು, ಎಲ್ಲರ ಹಿಂದೆಯೇ ಬಂದು ತಲುಪಿದೆವು. ಕೊನೆಯವರಾದೆವು, ಸಾಯಲಿಲ್ಲ. ರೇಸು ಲೆಕ್ಕಕ್ಕೂ ಬಂತು. ಇದೇ ಸುಖವನ್ನು ಹಲ್ಲಿನ ಡಾಕ್ಟರಿಗೂ ಖಜಾಂಚಿಗಳಿಗೂ ಯಾಕೆ ತಪ್ಪಿಸುತ್ತಿದ್ದೀರಿ ಎಂಬುದೊಂದೇ ನನ್ನ ಸಂಕಟ.

ಇನ್ನು ಕಳೆದ ಭಾನುವಾರದ ತಮ್ಮ ಸಾಧನೆ. ಅದನ್ನು ಕ್ಲಬ್ಬಿನ ಗೋಡೆಯ ಮೇಲೆ ಕೆತ್ತಿಸಬೇಕು. ಮಾಜಿ ಅಧ್ಯಕ್ಷರ ಕಾರು ಗೇಟಿನೊಳಗೆ ಬರಲಿಲ್ಲವೆಂದು ತಾವು ಬಾವುಟ ಏರಿಸಿದಿರಿ. ಹದಿನಾಲ್ಕು ದೋಣಿಗಳು ಹೊರಡುವ ಗೆರೆಯ ಹಿಂದೆ ಹಾಯಿ ಬಡಿದುಕೊಳ್ಳುತ್ತ ಸುತ್ತಿದವು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ನಲವತ್ತಾಗುತ್ತ ಬಂತು. ಕಾರು ರಿಪೇರಿಗೆ ಹೋಗಿತ್ತು, ಮಾನ್ಯರೇ. ಅವರು ಅಳಿಯನ ಸ್ಕೂಟರಿನಲ್ಲಿ ಎಂಟೂವರೆಗೇ ಬಂದು, ಹೊಸದಾಗಿ ತರಿಸಿದ ಹಳದಿ ಹಾಯಿ ಕಟ್ಟಿಕೊಂಡು, ಟೋಪಿ, ಕಪ್ಪು ಕನ್ನಡಕ ಏರಿಸಿ ನೀರಿಗಿಳಿದಿದ್ದರು. ನಮ್ಮ ಪಕ್ಕಕ್ಕೇ ದೋಣಿ ತಂದು, ಬೇಸತ್ತ ದನಿಯಲ್ಲಿ ಓರಗಿತ್ತಿಯನ್ನು ಕೇಳಿದರು:

“ಯಾರಿಗೋಸ್ಕರ ಕಾಯ್ತಾ ಇದೀವಮ್ಮಾ?”

ದನಿಯಿಂದ ಗುರುತು ಹಿಡಿದ ಅವಳು ಹಗ್ಗ ಬಿಡದೆ, “ನಿಮಗೋಸ್ಕರಾನೇ ಸಾರ್” ಎಂದಳು.

ಅವರು ಆ ಹೊಸ ಹಳದಿ ಹಾಯಿಯನ್ನೊಮ್ಮೆ, ಗೇಟಿಗೆ ನೆಟ್ಟ ದುರ್ಬೀನನ್ನೊಮ್ಮೆ ನೋಡಿದರು. ಆಮೇಲೆ ಕೂಗಿ ಕೈಬೀಸಿ, ತಾವು ದುರ್ಬೀನನ್ನು ಗೇಟಿನಿಂದ ನೀರಿನ ಕಡೆಗೆ ತಿರುಗಿಸುವಂತೆ ಮಾಡುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಬಂದವರಿಗಾಗಿಯೇ ಬಂದಿಲ್ಲವೆಂದು ಕಾಯುವುದು ಸಾಮಾನ್ಯ ಅಧಿಕಾರಿಯ ಕೈಲಾಗುವ ಕೆಲಸವಲ್ಲ. ಸುತ್ತಿ ಬರಬೇಕಾದ ಕೊನೆಯ ಗುರುತಿನ ತೇಲುಪೀಪಾಯಿ ನಮಗೆ ಕೂಗಳತೆಯಲ್ಲಿದ್ದಾಗ ಗಾಳಿ ನಿಂತಿತು. ಹನ್ನೊಂದಕ್ಕೆ ರೇಸು ರದ್ದು. ನಮ್ಮ ಎಂಟನೆಯದು ಅದೇ ನೀರಿನಲ್ಲಿ ಮುಳುಗಿತು. ಕೈಯಲ್ಲಿ ನೀರು ತಳ್ಳಿ ದಡಕ್ಕೆ ಬಂದು, ಒದ್ದೆ ಬಟ್ಟೆಯಲ್ಲೇ ಓಡಿ ಆಸ್ಪತ್ರೆ ತಲುಪಿದಾಗ ಹನ್ನೆರಡೂ ಇಪ್ಪತ್ತು. ನಮ್ಮ ಮೇಲ್ವಿಚಾರಕಿಯ ಬಳಿ ಬಾವುಟವಿಲ್ಲ, ಕೆಂಪು ಪೆನ್ನಿದೆ.

ಲೋಕದಲ್ಲಿ ಎರಡೇ ಜಾತಿ ಮಾನ್ಯರೇ, ಕಾಯುವವರದೊಂದು, ಕಾಯಿಸುವವರದೊಂದು. ಬಸ್ ನಿಲ್ದಾಣದಲ್ಲಿ, ಕಚೇರಿಯ ಬೆಂಚಿನ ಮೇಲೆ, ಡಾಕ್ಟರ ಬಾಗಿಲಲ್ಲಿ ವಾರವಿಡೀ ಕಾದವರು ನಾವು. ಭಾನುವಾರ ಎರಡು ಗಂಟೆ ನೀರಿನ ಮೇಲಾದರೂ ಯಾರಪ್ಪನ ಹಂಗೂ ಇಲ್ಲದೆ ಇರೋಣವೆಂದು ಬಂದರೆ, ಅಲ್ಲಿಗೂ ಕಾಯುವ ಬೆಂಚನ್ನು ಹೊತ್ತು ತಂದಿರಲ್ಲ. ಹೊತ್ತಿಗೆ ಸರಿಯಾಗಿ ಬಂದವರಿಗೆ ಶಿಕ್ಷೆ, ತಡವಾಗಿ ಬಂದವರಿಗೆ ಸ್ವಾಗತ. ಇದನ್ನು ಸೌಜನ್ಯವೆಂದು ಕರೆಯುವ ಧೈರ್ಯಕ್ಕೆ ನನ್ನ ನಮಸ್ಕಾರ.

ತಮ್ಮ ಪದ್ಧತಿಯನ್ನೇ ಉಳಿಸಿಕೊಳ್ಳುವುದಾದರೆ, ದಯಮಾಡಿ ಅದನ್ನು ಪೂರ್ತಿ ಮಾಡಿಕೊಡಿ. ಗಾಳಿಗೊಂದು ನೋಟಿಸು ಕೊಟ್ಟು ಖಜಾಂಚಿಗಳ ಟೋಪಿ ಸಿಗುವವರೆಗೆ ಬೆಟ್ಟದ ಹಿಂದೆಯೇ ನಿಲ್ಲಲು ಹೇಳಿ. ಸೂರ್ಯನಿಗೂ ಅದರ ಒಂದು ಪ್ರತಿ ಹೋಗಲಿ. ಆಸ್ಪತ್ರೆಯ ರೋಗಿಗಳಿಗೆ ತಾವೇ ಸುತ್ತೋಲೆ ಹೊರಡಿಸಿ, ಮಾಜಿ ಅಧ್ಯಕ್ಷರು ನೀರಿಗಿಳಿಯುವವರೆಗೆ ಹಾಸಿಗೆ ಗಲೀಜು ಮಾಡಕೂಡದೆಂದು ವಿಧಿಸಿ. ಇಷ್ಟೆಲ್ಲ ಕಷ್ಟವೆನಿಸಿದರೆ ಸುಲಭದ ದಾರಿಯೊಂದಿದೆ: ಒಂಬತ್ತಕ್ಕೆ ಹಾರ್ನು ಊದಿ. ತಡವಾಗಿ ಬಂದವರು ಬಂದ ಹೊತ್ತಿಗೆ ಹೊರಡಲಿ, ನಮ್ಮ ಹಾಗೆ ಬೆನ್ನಟ್ಟಲಿ. ನಮಗೆ ಬೇಕಿರುವುದು ದಯೆಯಲ್ಲ, ಒಂಬತ್ತು ಗಂಟೆ.

ತಮ್ಮ ಬಾವುಟದ ನೆರಳಿನಲ್ಲಿ ಒಣಗುತ್ತಿರುವ,
ತಮ್ಮ ವಿಶ್ವಾಸಿ,
ಸಾರ್ವಜನಿಕ ದೋಣಿಯ ಚುಕ್ಕಾಣಿ ಹಿಡಿದವಳು

ತಾ.ಕ.: ನಿಯಮ ಪುಸ್ತಕದ ಹದಿನಾಲ್ಕನೇ ಪುಟವನ್ನು ತಾವು ಓದಿರಲಾರಿರಿ. ಅಧಿಕಾರಿಗಳು ಪುಸ್ತಕದ ಪ್ರಕಾರ ರೇಸು ಶುರು ಮಾಡದಿದ್ದರೆ, ನೀರಿನಲ್ಲಿರುವ ದೋಣಿಗಳವರು ಬಹುಮತದಿಂದ ಬೇರೊಬ್ಬರನ್ನು ನೇಮಿಸಬಹುದು, ಆ ರೇಸು ಲೆಕ್ಕಕ್ಕೂ ಬರುತ್ತದೆ. ಹದಿನಾಲ್ಕರಲ್ಲಿ ಒಂಬತ್ತು ದೋಣಿಗಳವರು ಈಗಾಗಲೇ ಸಹಿ ಹಾಕಿ ನಮ್ಮ ಅತ್ತೆಯವರನ್ನು ಆರಿಸಿದ್ದಾರೆ. ಎಂಟು ಗಂಟೆಯ ಮೇಲೆ ಮನೆಗೆ ಬಂದ ಸ್ವಂತ ಮಗನಿಗೂ ತಟ್ಟೆ ಹಾಕದ ಹೆಂಗಸು ಅವರು. ಭಾನುವಾರ ಎಂಟೂವರೆಯಿಂದಲೇ ಹಾರ್ನು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಾರೆ. ಸೊಸೆಯರ ದೋಣಿಗೆ ಪಕ್ಷಪಾತ ಮಾಡಿಯಾರೆಂಬ ಭಯ ತಮಗೆ ಬೇಡ. ನಾನು ಆ ಮನೆ ಸೇರಿದ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಮಾಡಿಲ್ಲ.