ಮಾವನ ಶಾಂತಿಯುತ ಜೇನು

ಒಂದು ದೇಶ ತನ್ನ ಅಣುಸ್ಥಾವರದ ಬಾಗಿಲನ್ನು ಅಂತರರಾಷ್ಟ್ರೀಯ ತಪಾಸಕರಿಗೆ ತೆರೆಯಲು ಒಪ್ಪದೆ ಹೋದಾಗ ಅಪಾಯಕ್ಕೆ ಸಿಲುಕುವುದು ಆ ದೇಶವೊಂದೇ ಅಲ್ಲ, ಇಡೀ ಮನುಕುಲ. ಈ ಗಂಭೀರ ಸಮಸ್ಯೆಯನ್ನು ಒಳಗಿನಿಂದ ಬಲ್ಲವರು ನನಗೆ ತಿಳಿದಂತೆ ಒಬ್ಬರೇ. ಅವರು ಮೂರ್ನಾಡಿನಲ್ಲಿದ್ದಾರೆ, ನನ್ನ ಸೋದರಮಾವ. ಅವರ ಬಳಿ ಅಣುಸ್ಥಾವರವಿಲ್ಲ. ಜೇನುಪೆಟ್ಟಿಗೆಗಳಿವೆ, ಸಕ್ಕರೆ ಕಾಯಿಲೆಯಿದೆ, ಮತ್ತು ಅತ್ತೆ ಇದ್ದಾರೆ.

ಮಾವ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದು ಪೇಪರಿನ ದಪ್ಪಕ್ಷರವೂ ಮಂಜಾದ ಮೇಲೆ, ದಿನಾ ಸಂಜೆ ಹೋಗಿ ಓದಿ ಹೇಳುವ ಕೆಲಸ ಅದೇ ಊರಿನಲ್ಲಿರುವ ನನ್ನ ಪಾಲಿಗೆ ಬಂತು. ನನ್ನ ಓದು ಅವರಿಗೆ ಹಿಡಿಸದು. "ಅಲ್ಪವಿರಾಮ ಎಲ್ಲ ನುಂಗಿಬಿಡ್ತೀಯ ಮಾರಾಯ, ನಿನಗೆ ಸಂಜೆ ತಿಂಡಿ ಆಗಿಲ್ವಾ?" ಎನ್ನುತ್ತಾರೆ. ಕಣ್ಣಿಗೆ ಆಪರೇಷನ್ ಮಾಡಿಸಿದರೆ ಇಬ್ಬರಿಗೂ ಬಿಡುಗಡೆ. ಆದರೆ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಮಾಷ್ಟ್ರೇ, ಸಕ್ಕರೆ ಇಳಿಯದೆ ನಿಮ್ಮ ಕಣ್ಣು ಮುಟ್ಟಲಿಕ್ಕೆ ಆಗೂದಿಲ್ಲ."

ಮಾವ ಆ ಕ್ಲಿನಿಕ್ಕಿನಲ್ಲೇ, ಅತ್ತೆಯ ಸಮಕ್ಷಮದಲ್ಲಿ, ಒಪ್ಪಂದಕ್ಕೆ ಬಂದರು. ಕಾಫಿಗೆ ಸಕ್ಕರೆ ಬಿಟ್ಟರು. ಹೋಳಿಗೆಗೆ ಕೈಮುಗಿದರು. ಪಾಯಸ ಬಡಿಸುವಾಗ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಳ್ಳುವ ಅವರ ಭಂಗಿ ಕಂಡು ಮದುವೆಮನೆಯ ಅಡಿಗೆಯವರು ಮರುಗಿದರು. ಒಪ್ಪಂದದಲ್ಲಿ ಜೇನಿನ ಹೆಸರು ಎಲ್ಲೂ ಬಂದಿರಲಿಲ್ಲ ಎಂಬುದನ್ನು ಮಾತ್ರ ಮಾವ ಗಮನಿಸಿದ್ದರು. ನಾವ್ಯಾರೂ ಗಮನಿಸಿರಲಿಲ್ಲ.

ಮನೆಯ ಹಿಂದಿನ ಇಳಿಜಾರಿನಲ್ಲಿ ಅವರದೊಂದು ಸಣ್ಣ ಕಾಫಿ ತೋಟ. ಅದರಲ್ಲಿ ಮೂರು ಜೇನುಪೆಟ್ಟಿಗೆ. ಅತ್ತೆಗೆ ಸಂಶಯ ಹುಟ್ಟಿದ ದಿನ ಮಾವ ನಿಂತಲ್ಲೇ ಹೇಳಿಕೆ ಕೊಟ್ಟರು: "ರೋಬಸ್ಟಾ ಕಾಫಿ ಕಾಯಿ ಕಚ್ಚಬೇಕಾದರೆ ಪರಾಗಸ್ಪರ್ಶ ಆಗಬೇಕು. ಜೇನು ಸಾಕಿರುವುದು ಅದಕ್ಕೆ. ಸಂಪೂರ್ಣ ಶಾಂತಿಯುತ ಉದ್ದೇಶ."

"ಪರಾಗಸ್ಪರ್ಶ ನಿಮ್ಮ ಮೀಸೆಗೆ ಯಾಕೆ ಅಂಟಿಕೊಂಡಿದೆ?" ಎಂದು ಅತ್ತೆ ಕೇಳಿದರು.

ಅಂದಿನಿಂದ ತಪಾಸಣೆ ಶುರುವಾಯಿತು. ಅತ್ತೆ ಮುನ್ಸೂಚನೆ ಕೊಡದೆ ತೋಟಕ್ಕೆ ಇಳಿಯುವರು, ಮಾವನ ಕೊಡೆಯನ್ನು ಬಿಡಿಸಿ ನೋಡುವರು, ಹಳೆಯ ಪ್ರಶ್ನೆಪತ್ರಿಕೆಗಳ ಟ್ರಂಕನ್ನು ಮೂಸುವರು. ಜೇನು ತೆಗೆಯುವ ಯಂತ್ರವೊಂದು ಬಚ್ಚಲುಮನೆಯ ಮೂಲೆಯಲ್ಲಿತ್ತು: ತಗಡಿನ ಡ್ರಮ್ಮು, ಒಳಗೆ ಜೇನು ತುಂಬಿದ ಎರಿ ನಿಲ್ಲಿಸುವ ಚೌಕಟ್ಟು, ಮೇಲೊಂದು ಹಿಡಿ. ಅದು ಕೆಟ್ಟಿದೆ ಎಂದು ಮಾವ ಅಧಿಕೃತವಾಗಿ ಘೋಷಿಸಿದ್ದರು. ಆದರೆ ಒಂದು ಸಂಜೆ ನಾನು ಪೇಪರ್ ಓದುತ್ತಿದ್ದೆ. ಆ ದೇಶ ಹೊಸ ಸೆಂಟ್ರಿಫ್ಯೂಜ್‌ಗಳನ್ನು ಕೂರಿಸಿದೆ, ತಪಾಸಕರನ್ನು ಒಳಗೆ ಬಿಡುತ್ತಿಲ್ಲ, ಜಗತ್ತು ಕಳವಳಗೊಂಡಿದೆ ಎಂದು ಸುದ್ದಿ. ಸೆಂಟ್ರಿಫ್ಯೂಜ್ ಎಂದರೇನು ಎಂದು ನಾನು ಕೇಳಿದ್ದೇ ತಪ್ಪಾಯಿತು. ಮಾವನೊಳಗಿನ ಮೇಷ್ಟ್ರು ಎದ್ದು ಕೂತರು.

"ಗರಗರ ತಿರುಗಿಸಿದರೆ ಭಾರದ್ದು ಹೊರಗೆ ಸಿಡಿತದೆ, ಹಗುರದ್ದು ಒಳಗೆ ಉಳಿತದೆ. ಅಷ್ಟೇ. ನಮ್ಮ ಬಚ್ಚಲಲ್ಲೂ ಒಂದು ಉಂಟಲ್ಲ, ಮೊನ್ನೆ ಎಷ್ಟು ಚೆಂದ ತಿರುಗ್ತು ಗೊತ್ತಾ?"

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಅತ್ತೆ ನೇರ ಬಚ್ಚಲಿಗೆ ಹೋಗಿ ಹಿಡಿ ತಿರುಗಿಸಿದರು. ಯಂತ್ರ ಎಣ್ಣೆ ಕುಡಿದ ಹಾಗೆ ತಿರುಗಿತು. ತಮ್ಮ ಹಳೇ ಸೀರೆಯ ಅಂಚು ಹರಿದು ಹಿಡಿಗೆ ಬಿಗಿದು, ಅವರಿಗೊಬ್ಬರಿಗೇ ಗೊತ್ತಿರುವ ಒಂದು ಗಂಟು ಹಾಕಿ ಮುದ್ರೆ ಒತ್ತಿದರು. ಮರುದಿನ ಗಂಟು ಹಾಗೇ ಇತ್ತು. ಮೀಸೆಯೂ ಹಾಗೇ ಅಂಟಾಗಿತ್ತು. ಯಂತ್ರದ ಗೊಡವೆಯೇ ಬೇಡವೆಂದು ಮಾವ ಎರಿಯನ್ನು ನೇರವಾಗಿ ಜಗಿಯುವ ಮಟ್ಟಕ್ಕೆ ಇಳಿದಿದ್ದರು.

ಸುದ್ದಿ ಗಡಿ ದಾಟಿತು. ಪಿರಿಯಾಪಟ್ಟಣದಿಂದ ನನ್ನ ಅಮ್ಮ ಫೋನು ಮಾಡಿ ತಮ್ಮನ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಮಾವನ ಹಾಸನದ ಷಡ್ಡಕರು ತೀವ್ರ ಕಳವಳ ವ್ಯಕ್ತಪಡಿಸಿದರು. ಅವರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಅದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಮಂಗಳೂರಿನಲ್ಲಿರುವ ಮಾವನ ಮಗಳು, ಇದು ಹೀಗೇ ಮುಂದುವರಿದರೆ ತಾನೇ ಬಂದು ಒಂದು ತಿಂಗಳು ಕೂರುವುದಾಗಿ ಎಚ್ಚರಿಸಿದಳು. ಮಾವ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ಹೊರಗಿನ ಒತ್ತಡಕ್ಕೆ ಮಣಿಯೂದಿಲ್ಲ." ಹೇಳಿ ಸಪ್ಪೆ ಕಾಫಿಯನ್ನು ಹುತಾತ್ಮರಂತೆ ಕುಡಿದರು.

ಆದರೆ ಅತ್ತೆ ಎಲ್ಲ ಮೂಲೆ ಶೋಧಿಸಿದರೂ ಒಂದು ಜಾಗ ಮಾತ್ರ ಉಳಿದಿತ್ತು: ದೇವರಕೋಣೆ. ಮಾವನದು ಪೂಜಾರಿಕೆಯ ಮನೆತನ. ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟು ಮಡಿಯಲ್ಲಿ ಒಳಹೊಕ್ಕ ಮಾವನನ್ನು ಪೂಜೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ, ಹೊಸಿಲು ದಾಟುವಂತಿಲ್ಲ. ಅತ್ತೆ ಈ ಮನೆಗೆ ಬಂದ ಮೊದಲ ದಿನ ಅವರ ಅತ್ತೆಯವರಿಂದ ಕಲಿತ ಮೊದಲ ಪಾಠ ಅದು. ಮಾವನ ಪೂಜೆಯೋ, ದಿನೇ ದಿನೇ ಉದ್ದವಾಗುತ್ತಿತ್ತು.

"ಒಂದು ಚಮಚ ಪಂಚಾಮೃತಕ್ಕೆ ಇಷ್ಟು ಹೊತ್ತು ಬಾಗಿಲು ಹಾಕಬೇಕಾ?" ಎಂದು ಅತ್ತೆ ಹೊರಗಿನಿಂದ ಕೇಳುವರು.

"ಮಡಿಯಲ್ಲಿದ್ದೇನೆ. ದೂರ, ದೂರ," ಎಂದು ಒಳಗಿನಿಂದ ಗಂಟೆಯ ಸದ್ದಿನ ನಡುವೆ ಉತ್ತರ ಬರುವುದು. ಬೇರೆ ದೇಶಗಳು ತಪಾಸಕರನ್ನು ತಡೆಯಲು ಸೈನಿಕ ಕಾವಲು ಇಡಬೇಕಾಗುತ್ತದೆ. ಮಾವನಿಗೆ ಒಂದು ಒದ್ದೆ ಪಂಚೆ ಸಾಕಾಯಿತು.

ರಕ್ತಪರೀಕ್ಷೆ ಮಾತ್ರ ಮಡಿ ಮೈಲಿಗೆ ನೋಡುವುದಿಲ್ಲ. ಸಕ್ಕರೆ ಮತ್ತೆ ಏರಿದೆ ಎಂದು ಡಾಕ್ಟರಮ್ಮ ಎರಡನೇ ಸಲ ಆಪರೇಷನ್ ಮುಂದೆ ಹಾಕಿದರು. ಆ ದಿನ ಅತ್ತೆ ಬೈಯಲಿಲ್ಲ, ಅತ್ತೆಯ ಮಟ್ಟಿಗೆ ಅದು ಯುದ್ಧಘೋಷಣೆ. ಮರುದಿನ ಭಾನುವಾರ. ನಾನು ಬೆಳಿಗ್ಗೆಯೇ ಪೇಪರ್ ಹಿಡಿದು ಹೋಗಿ ಜಗಲಿಯಲ್ಲಿ ಕೂತಿದ್ದೆ. ಒಳಗೆ ಪೂಜೆ ನಡೆದಿತ್ತು. ಅತ್ತೆ ತೋಟದ ಕೆಳಗಿನ ಬೇಲಿಯವರೆಗೂ ಇಳಿದು ಹೋದವರು ಸ್ವಲ್ಪ ಹೊತ್ತಿಗೆ ಮುಖಕ್ಕೆ ಸೆರಗು ಒತ್ತಿಕೊಂಡು ಓಡೋಡಿ ಬಂದು ಜಗಲಿಯ ಮೇಲೆ ಕುಸಿದರು. ಎಡಗಣ್ಣು ಆಗಲೇ ಮುಚ್ಚಿಕೊಂಡಿತ್ತು. ಕೆನ್ನೆ ಏರುತ್ತಿತ್ತು.

ಗಂಟೆಯ ಸದ್ದು ನಿಂತಿತು. "ಯಾರದು? ಏನಾಯ್ತು?"

"ಸಿಲ್ವರ್ ಓಕ್ ಮರದ ಹಿಂದೆ ನಾಲ್ಕನೇ ಪೆಟ್ಟಿಗೆ ಉಂಟಲ್ಲ," ಎಂದರು ಅತ್ತೆ, ನೋವಿನ ನಡುವೆಯೂ ವಿಜಯದ ದನಿಯಲ್ಲಿ. "ಸಿಕ್ಕಿತು."

"ಹೊಗೆ ಹಾಕದೆ ಮುಚ್ಚಳ ತೆಗೆದ್ಯಾ?"

"ತಪಾಸಣೆಗೆ ಹೋಗುವವರು ಹೊಗೆ ಹಾಕಿ ತಿಳಿಸಿ ಹೋಗ್ತಾರಾ?"

ದೇವರಕೋಣೆಯ ಬಾಗಿಲು ತೆರೆಯಿತು. ಒದ್ದೆ ಪಂಚೆಯಲ್ಲಿ, ಗೋಡೆ ತಡವಿಕೊಂಡು ಮಾವ ಹೊರಗೆ ಬಂದರು. ಕೈಯಲ್ಲಿ ಜೇನಿನ ಬಾಟ್ಲಿ. ದೇವರ ಫೋಟೋದ ಹಿಂದೆ ಇದ್ದದ್ದು ಇರಬೇಕು, ಬಾಟ್ಲಿಯ ಮೈಗೆಲ್ಲ ಕುಂಕುಮ ಮೆತ್ತಿತ್ತು. ಅವರು ಅತ್ತೆಯ ಎದುರು ನೆಲದ ಮೇಲೆ ಕೂತು ಕೈ ಚಾಚಿದರು.

"ರೀ, ಮಡಿ. ಮುಟ್ಟಬೇಡಿ," ಎಂದು ಅತ್ತೆ ಹಿಂದೆ ಸರಿದರು.

"ಸುಮ್ಮನಿರು."

ಮಾವ ಬೆರಳಿನಿಂದಲೇ ಅವರ ಹಣೆ, ರೆಪ್ಪೆ, ಕೆನ್ನೆ ತಡವಿ ನೋಡಿದರು. ಮುಳ್ಳು ಸಿಕ್ಕಲ್ಲಿ ಉಗುರಿನಿಂದ ಕೆರೆದು ತೆಗೆದು ಜೇನು ಸವರಿದರು. ಒಂದು ಸಲ ಬೆರಳು ಅತ್ತೆಯ ಮೂಗಿನ ಒಳಗೇ ಹೋಯಿತು. ಬಾಟ್ಲಿ ಅರ್ಧವಾದರೂ ಮಾವನ ಕೈ ನಿಲ್ಲಲಿಲ್ಲ. ಬೆರಳಿಗೆ ಅಂಟಿದ್ದನ್ನು ಅವರು ಪಂಚೆಗೆ ಒರೆಸಿಕೊಂಡರು, ನೆಕ್ಕಲಿಲ್ಲ. ಕೊನೆಗೆ ನಾನಿದ್ದ ಕಡೆಗೆ ತಿರುಗಿ ಕೇಳಿದರು:

"ತುಂಬ ಊದಿದೆಯಾ? ನನಗೆ ಇವಳ ಮುಖ ಕಾಣೂದಿಲ್ಲ ಮಾರಾಯ. ನೀನಾದರೂ ಸರಿಯಾಗಿ ನೋಡಿ ಹೇಳು."

ನಾನು ಸ್ವಲ್ಪ ಊದಿದೆ ಎಂದೆ. ನನ್ನ ಓದಿನ ಮೇಲೆ ಇಲ್ಲದ ನಂಬಿಕೆ ಇದರ ಮೇಲೂ ಅವರಿಗೆ ಬರಲಿಲ್ಲ; ಮತ್ತೊಮ್ಮೆ ತಾವೇ ತಡವಿ ನೋಡಿದರು.

ಪೆಟ್ಟಿಗೆಗಳು ತೋಟದಲ್ಲಿಯೇ ಇವೆ, ಕಾಫಿ ಹೂವಿಗೆ ಬೇಕಲ್ಲ. ಯಂತ್ರ ಪಕ್ಕದ ತೋಟದವರ ಮನೆಗೆ ಹೋಯಿತು, ಜೇನು ಅವರೇ ತೆಗೆದುಕೊಳ್ಳುತ್ತಾರೆ. ದೇವರಕೋಣೆಯ ಬಾಗಿಲು ಪೂಜೆಯ ಹೊತ್ತಿನಲ್ಲೂ ತೆರೆದಿರುತ್ತದೆ. ಆ ದೇಶ ಇನ್ನೂ ತಪಾಸಕರನ್ನು ಒಳಗೆ ಬಿಟ್ಟಿಲ್ಲ. ಮಾವನ ಬಲಗಣ್ಣಿನ ಆಪರೇಷನ್ ಕಳೆದ ತಿಂಗಳು ಆಯಿತು.