ಸದರಿ ನಮ್ಮ ಮಾವ

ನನ್ನ ಸೋದರಮಾವನಿಗೆ ಕನ್ನಡ ಬರುವುದಿಲ್ಲ. ಹುಟ್ಟಿದ್ದು ಗೌರಿಬಿದನೂರಿನಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ, ಆದರೂ ಬರುವುದಿಲ್ಲ! ಚಿಕ್ಕಬಳ್ಳಾಪುರದಲ್ಲಿ ಮೂವತ್ತು ವರ್ಷ ಜಮೀನಿನ ಕ್ರಯಪತ್ರ ಬರೆದು ಬರೆದು, ಅವರಿಗೀಗ ಬರುವುದು ಪತ್ರದ ಭಾಷೆಯೊಂದೇ. ಅನ್ನಕ್ಕೆ ಸಾರು ಬೇಕಿದ್ದರೂ "ಸದರಿ ಅನ್ನದ ಉತ್ತರಕ್ಕೆ ಸಾರು ಬರಲಿ" ಅನ್ನುತ್ತಾರೆ. ಅತ್ತೆ ದಿಕ್ಕು ನೋಡದೆ ನಡುಮಧ್ಯೆ ಸುರಿಯುತ್ತಾರೆ.

ಚಿಂತಾಮಣಿಯಿಂದ ನನ್ನನ್ನು ನೋಡಲು ಗಂಡಿನವರು ಬಂದಾಗ, ಯಾವ ಪುಣ್ಯಾತ್ಮರೋ ಪರಿಚಯ ಮಾಡಿಕೊಡಲು ಮಾವನಿಗೆ ಹೇಳಿಬಿಟ್ಟರು. ಮಾವ ಗಂಟಲು ಸರಿಮಾಡಿಕೊಂಡರು. "ಸದರಿ ಹುಡುಗಿಯ ಪೂರ್ವಕ್ಕೆ ತಾಯಿ, ಪಶ್ಚಿಮಕ್ಕೆ ಅತ್ತೆ, ಉತ್ತರಕ್ಕೆ ಗೋಡೆ. ಯಾವುದೇ ತಂಟೆ ತಕರಾರುಗಳಿಲ್ಲ. ಇದ್ದಲ್ಲಿ ನಾವೇ ಸ್ವಂತ ಖರ್ಚಿನಲ್ಲಿ ಪರಿಹರಿಸಿಕೊಡುತ್ತೇವೆ!"

ಗಂಡಿನ ತಂದೆ ಕಾಫಿ ಲೋಟ ಕೆಳಗಿಟ್ಟರು. "ಏಮಯ್ಯಾ, ನಾವು ಹುಡುಗಿ ನೋಡಕ್ಕೆ ಬಂದಿದ್ದೀವೋ, ಸೈಟ್ ನೋಡಕ್ಕೋ?"

ಅದೃಷ್ಟಕ್ಕೆ ಗಂಡಿಗೆ ನಗು ಬಂತು. ಇವತ್ತಿಗೂ ಆತ ನನ್ನನ್ನು ಕರೆಯುವುದು 'ಸದರಿ' ಅಂತಲೇ.

ಇನ್ನು ಸಹಿಯ ವಿಷಯ. "ಓದದೆ ಎಲ್ಲೂ ಸಹಿ ಹಾಕ್ಬೇಡ ಕಣಮ್ಮಾ" ಅನ್ನುವುದು ಮಾವನ ಗಾಯತ್ರಿ ಮಂತ್ರ. ಗ್ಯಾಸ್ ಸಿಲಿಂಡರಿನ ರಸೀದಿಯನ್ನೂ ಹಿಂದೆ ಮುಂದೆ ತಿರುಗಿಸಿ ಓದುತ್ತಾರೆ. ಅವರು ಮುಗಿಸುವಷ್ಟರಲ್ಲಿ ಸಿಲಿಂಡರಿನವನು ಪಕ್ಕದ ಬೀದಿಗೂ ಹಂಚಿ ಬಂದಿರುತ್ತಾನೆ. "ನಮ್ಮ ಮದುವೇಲಿ ಲಗ್ನಪತ್ರಿಕೆ ತಿದ್ದುತ್ತಾ ಕೂತು ಮುಹೂರ್ತ ಮೀರಿಸ್ತಿದ್ರು ಕಣೇ! ನನಗಿಂತ ಕಾಗದಾನೇ ಹೆಚ್ಚು ಈವಯ್ಯಂಗೆ" ಅಂತ ಅತ್ತೆಯ ಹಳೇ ದೂರು.

ಹೋದ ವರ್ಷ ಅದೇ ಅತ್ತೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಬ್ಲಾಕು, ಸ್ಟೆಂಟು, ಆಂಜಿಯೋಪ್ಲಾಸ್ಟಿ ಅಂತ ಒಂದೇ ಉಸಿರಿಗೆ ಹೇಳಿದರು. ಮೂವತ್ತು ವರ್ಷ ರೈತರು ಮಾವನ ಮುಂದೆ ಹೇಗೆ ಕೂರುತ್ತಿದ್ದರೋ, ಮಾವ ಹಾಗೆ ಬಾಯಿ ಬಿಟ್ಟುಕೊಂಡು ಕೂತಿದ್ದರು.

"ಸ್ವಾಮಿ, ನಂಗೆ ಅರ್ಥ ಆಗೋ ಹಂಗೆ ಹೇಳಿ. ಉಳೀತಾಳಾ?"

"ಬೇಗ ಸಹಿ ಹಾಕಿ, ಉಳಿಸೋಕೆ ನೋಡ್ತೀವಿ."

ನಾಲ್ಕು ಪುಟದ ಫಾರಂ. ಅಯ್ಯೋ ದೇವರೇ, ಇನ್ನು ಇದನ್ನು ಓದಿ ಮುಗಿಸುವುದು ಯಾವಾಗ! ನಾನು ಮಾವನ ಕನ್ನಡಕ ಮುಂದೆ ಹಿಡಿದೆ. ಮಾವ ಅದನ್ನು ತೆಗೆದುಕೊಳ್ಳಲೇ ಇಲ್ಲ. "ಎಲ್ಲಿ ಹಾಕ್ಬೇಕು?" ಅಂತ ಕೇಳಿ, ನರ್ಸ್ ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಉಳಿದರು. ಮನೆಗೆ ಬಂದ ಮೇಲೆ ಈ ಸುದ್ದಿ ಹೇಳಿದರೆ ನಂಬಲೇ ಇಲ್ಲ.

"ಒಂದು ಪುಟಾನೂ ಓದ್ಲಿಲ್ವಾ?"

"ಒಂದು ಸಾಲೂ ಓದ್ಲಿಲ್ಲ ಅತ್ತೆ."

ಹಜಾರದಲ್ಲಿ ಮಾವ ಔಷಧಿ ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಅತ್ತೆ ಅವರನ್ನೇ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಂಗಾದ್ರೆ ಈವಯ್ಯಂಗೆ ನಾನು ಬೇಕಾಗಿದ್ದೆ ಕಣೇ" ಅಂದರು.